ಅತ್ತೆಯನ್ನು ಡಿಲೀಟ್ ಮಾಡಿದ ಸೊಸೆ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗ, ನೆಲಮಾಳಿಗೆ
ಸೋಮವಾರ, ಮಾರ್ಚ್ ೧೨

ಪ್ರೀತಿಯ ಅತ್ತೆಗೆ,

ನಿಮ್ಮ ಮಂಡಿನೋವು ಈಗ ಹೇಗಿದೆ? ನಿಮ್ಮ ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ಬಿ.ಪಿ. ಮಾತ್ರೆ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದೀರಿ. ಇದೇ ಆಸ್ಪತ್ರೆಯ ಮೂರನೆಯ ಮಹಡಿಯ ದೊಡ್ಡ ಸಿಸ್ಟರ್ ಆಗಿ ಜೀವಮಾನವೆಲ್ಲ ಕಂಡಕಂಡವರಿಗೆ ಮಾತ್ರೆ ನುಂಗಿಸಿದವರು, ಸಿಟ್ಟು ಮಾಡಿಕೊಂಡು ಹೊರಟಾಗ ಚೀಲಕ್ಕೆ ಟಾರ್ಚು, ಹೊಲಿಗೆ ಡಬ್ಬಿ, ಕೊನೆಗೆ ನನ್ನ ಕೊಡೆಯನ್ನೂ ತುಂಬಿಕೊಂಡು ಮಾತ್ರೆಯನ್ನೇ ಮರೆಯುವುದೇ? ಪತ್ರದ ಜೊತೆ ಕಳಿಸಿದ್ದೇನೆ. ಕೊಡೆ ನೀವೇ ಇಟ್ಟುಕೊಳ್ಳಿ. ಫೋನ್ ಮಾಡಿದಾಗಲೆಲ್ಲ ನಿಮ್ಮ ಮಗಳು "ಅಮ್ಮ ಮಲಗಿದ್ದಾರೆ ಅತ್ತಿಗೆ" ಅನ್ನುತ್ತಾಳೆ. ಬೆಳಗ್ಗೆಯೂ ಮಲಗಿದ್ದೀರಿ, ಸಂಜೆಯೂ ಮಲಗಿದ್ದೀರಿ, ಹಿಂದಿನಿಂದ "ನಾನಿಲ್ಲ ಅಂತ ಹೇಳೇ" ಎನ್ನುವ ನಿಮ್ಮ ದನಿ ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೇ ಪತ್ರ ಬರೆಯಲು ಕೂತೆ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಮ್ಮ ಮಗ ಅಡುಗೆ ಕಲಿಯುತ್ತಿದ್ದಾರೆ. ಒಂದು ಪಾತ್ರೆ ಹೋಯಿತು, ಅದರ ಮುಚ್ಚಳ ಉಳಿದಿದೆ. ಬೆಳಗ್ಗೆ ಎದ್ದರೆ ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ, ಬಣಗುಟ್ಟುತ್ತಿದೆ. ನೀವು ವಾಪಸು ಬರಬೇಕು, ನನಗೆ ಬೇಕಾಗಿರುವುದು ಅಷ್ಟೇ. ಆದರೆ ಕ್ಷಮೆ ಕೇಳಿ ಕರೆಯುತ್ತಾಳೆ ಅಂದುಕೊಂಡಿದ್ದರೆ ಅದು ಆಗದ ಮಾತು. ನಾನು ಮಾಡಿದ್ದು ನನ್ನ ಕೆಲಸ.

ಈ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಸೇರಿ ಒಂದು ಡೈರೆಕ್ಟರಿ ಇದೆ. ಎಷ್ಟೋ ಸಲ ಹೇಳಿದ್ದೇನೆ, ಅಷ್ಟು ಸಲವೂ ನೀವು ಆಕಳಿಸಿದ್ದೀರಿ, ಇನ್ನೊಂದು ಸಲ ಕೇಳಿಸಿಕೊಳ್ಳಿ. ಡಾಕ್ಟರು, ನರ್ಸು, ಅಡುಗೆಯವರು, ಪ್ರಿಂಟರು, ಬಾಗಿಲು, ಎಲ್ಲಕ್ಕೂ ಅದರಲ್ಲಿ ಒಂದೊಂದು ಎಂಟ್ರಿ. ಯಾರು ಯಾವ ಬಾಗಿಲು ತೆಗೆಯಬಹುದು, ಯಾವ ಪ್ರಿಂಟರಿಗೆ ಕಾಗದ ಕಳಿಸಬಹುದು ಎಂದು ಎಲ್ಲ ಯಂತ್ರಗಳೂ ಅದನ್ನೇ ಕೇಳುತ್ತವೆ. ಹೊಸಬರು ಬಂದರೆ ಎಂಟ್ರಿ ಮಾಡುವವಳು ನಾನು, ಹೋದರೆ ತೆಗೆಯುವವಳೂ ನಾನು. ನಿವೃತ್ತರಾದವರ ಎಂಟ್ರಿಯನ್ನು ಅದೇ ಸಂಜೆ ತೆಗೆಯಬೇಕೆಂದು ನಿಯಮ. ನಿಮ್ಮ ಬೀಳ್ಕೊಡುಗೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಕೇಕಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಬಂದು ನಿಮ್ಮನ್ನು ಡಿಲೀಟ್ ಮಾಡಿದೆ. ವಾರ್ಡಿನಲ್ಲಿ ಹಾಕುವ ಚಪ್ಪಲಿ ಮರೆತು ಬಂದು, ಅದನ್ನು ತರಲು ನೀವು ಮಾರನೆಯ ಬೆಳಗ್ಗೆ ಹೋಗುತ್ತೀರಿ ಎಂದು ನನಗೇನು ಕನಸು ಬಿದ್ದಿತ್ತೇ?

ಹೋದಿರಿ. ಕಾರ್ಡು ತೋರಿಸಿದರೆ ಕೆಂಪು ದೀಪ, ಪರದೆಯ ಮೇಲೆ "ಇಂಥವರು ಯಾರೂ ಇಲ್ಲ." ಕಾವಲಿನವನು ಪಾಪ, "ನೀವು ಇದೀರ ಸಿಸ್ಟರ್, ನಂಗೆ ಕಾಣ್ತಿದೀರ, ಆದ್ರೆ ಇದು ಇಲ್ಲ ಅಂತಿದೆಯಲ್ಲ" ಎಂದು ತಲೆ ಕೆರೆದುಕೊಂಡನಂತೆ. ಮುಖ ಊದಿಸಿಕೊಂಡು ಮನೆಗೆ ಬಂದು, "ಇಷ್ಟು ವರ್ಷದ ಚಾಕರಿ, ನನ್ನ ಸೊಸೇನೇ ಒಂದು ಬೆರಳಲ್ಲಿ ಒರೆಸಿಹಾಕಿದ್ಲು" ಎಂದಿರಿ. ಬೆರಳು ಒಂದೇ, ಒತ್ತಿದ್ದು ಎರಡು ಸಲ ಅತ್ತೆ. "ಖಂಡಿತವಾಗಿಯೂ ತೆಗೆಯಲೇ?" ಎಂದು ಅದು ಇನ್ನೊಮ್ಮೆ ಕೇಳುತ್ತದೆ. ಇದನ್ನು ಆಗಲೇ ಹೇಳಿದ್ದು ನನ್ನ ತಪ್ಪಾಯಿತು, ಚೀಲ ಹೊರಗೆ ಬಂದದ್ದು ಆಮೇಲೆಯೇ.

ಇನ್ನು ನೀವು ಹೋದ ಮೇಲಿನ ಕಥೆ ಕೇಳಿ, ಹೊಟ್ಟೆ ತಣ್ಣಗಾಗುತ್ತದೆ. ಅವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಇದ್ದಬದ್ದವರಿಗೆಲ್ಲ ಉಪ್ಪಿಲ್ಲದ ಊಟ ಬಂತು. ಕಾಲು ಮುರಿದವರಿಗೂ ಅದೇ, ಬಾಣಂತಿಯರಿಗೂ ಅದೇ, ಊಟ ತರಿಸಿಕೊಂಡ ದೊಡ್ಡ ಡಾಕ್ಟರಿಗೂ ಅದೇ. ಯಾರಿಗೆ ಏನು ಊಟ ಎನ್ನುವ ಚೀಟಿ ಪ್ರತಿದಿನ ಅಡುಗೆಮನೆಯ ಪ್ರಿಂಟರಿನಲ್ಲಿ ತಾನಾಗಿ ಬರುತ್ತದಲ್ಲ, ಅದು ಬರಲೇ ಇಲ್ಲ. ಚೀಟಿ ಇಲ್ಲದಿದ್ದರೆ ಎಲ್ಲರಿಗೂ ಉಪ್ಪಿಲ್ಲದ್ದೇ ಕೊಡಬೇಕು ಎಂದು ನೀವೇ ಯಾವತ್ತೋ ಅಡುಗೆಯವನಿಗೆ ತಾಕೀತು ಮಾಡಿದ್ದಿರಂತೆ. ಅವನು ನಿಮ್ಮ ಮಾತು ಮೀರುವುದುಂಟೇ! ದೊಡ್ಡ ಡಾಕ್ಟರು ಒಂದು ತುತ್ತು ಬಾಯಿಗಿಟ್ಟು ಎದ್ದವರು ಸೀದಾ ನೆಲಮಾಳಿಗೆಗೆ ಇಳಿದು ಬಂದರು. ಅವರು ಇಲ್ಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಡುಕಿದೆವು. ಆ ಚೀಟಿಯ ವ್ಯವಸ್ಥೆ ಮಾಡಲು ಹಿಂದೆ ಯಾರೋ ಒಬ್ಬ ಬಂದಿದ್ದನಂತೆ. ಅದಕ್ಕೆಂದು ಬೇರೆ ಎಂಟ್ರಿ ಮಾಡಲು ಅವನಿಗೆ ಸೋಮಾರಿತನ. "ಸಿಸ್ಟರ್, ನಿಮ್ಮ ಅಕೌಂಟು, ಪಾಸ್‌ವರ್ಡು ಸ್ವಲ್ಪ ಕೊಡಿ, ಈಗ ವಾಪಸು ಕೊಡ್ತೀನಿ" ಎಂದಿದ್ದಾನೆ, ನೀವು ಪೆನ್ನು ಕೊಟ್ಟ ಹಾಗೆ ಕೊಟ್ಟಿದ್ದೀರಿ. ಪುಣ್ಯಾತ್ಮ ನಿಮ್ಮ ಹೆಸರಿನಲ್ಲೇ ಎಲ್ಲ ಕೂರಿಸಿ ಹೋಗಿದ್ದಾನೆ. ಅಂದಿನಿಂದ ನೀವು ರಜೆಯಲ್ಲಿದ್ದರೂ ಸರಿ, ಜ್ವರ ಬಂದು ಮಲಗಿದ್ದರೂ ಸರಿ, ಆಸ್ಪತ್ರೆಗೆಲ್ಲ ಊಟ ಹೇಳುತ್ತಿದ್ದವರು ನೀವೇ. ನಾನು ನಿಮ್ಮನ್ನು ತೆಗೆದೆ, ಊಟ ಹೇಳುವವರು ಇಲ್ಲವಾದರು.

ನಮ್ಮ ಕಂಪ್ಯೂಟರ್ ವಿಭಾಗದ ಸಾಹೇಬರು ನಿಮಗೆ ಗೊತ್ತಲ್ಲ, ಅವಸರಕ್ಕೆ ಹುಟ್ಟಿದವರು. "ಅದಕ್ಕೇನಂತೆ, ಅದೇ ಹೆಸರಲ್ಲಿ ಹೊಸದು ಮಾಡಿದ್ರಾಯ್ತು" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ಅದಾಗದು ಸಾರ್ ಎಂದು ಬಡಕೊಂಡೆ. ಹೆಸರು ನಮ್ಮ ಅನುಕೂಲಕ್ಕೆ, ಒಳಗೆ ಪ್ರತಿ ಎಂಟ್ರಿಗೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಬೀಳುತ್ತದೆ, ಯಂತ್ರಗಳು ನಂಬುವುದು ಅದನ್ನು. ಅದೇ ಹೆಸರು, ಅದೇ ಫೋಟೋ ಹಾಕಿದರೂ ಹೊಸದು ಹೊಸಬರೇ. ಕೇಳಿದರೆ ತಾನೇ! ಒಂದು ಮಾಡಿದರು, ಪ್ರಿಂಟರು ಜಪ್ಪಯ್ಯ ಅನ್ನಲಿಲ್ಲ. ಹೆಸರಿನ ಮುಂದೆ ಒಂದು ಅಂಕಿ ಹಾಕಿ ಇನ್ನೊಂದು ಮಾಡಿದರು. ಮೂರನೆಯದನ್ನು ಗಡಿಬಿಡಿಯಲ್ಲಿ ಯಂತ್ರಗಳ ವಿಭಾಗದಲ್ಲಿ ಇಟ್ಟರು. ನೀವು ತೂಕದ ಯಂತ್ರಕ್ಕೂ ಫ್ರಿಜ್ಜಿಗೂ ನಡುವೆ ನಗುತ್ತಾ ಕೂತಿದ್ದಿರಿ. ಸಂಜೆ ನಿಮ್ಮ ಮಗನಿಗೆ ಹೇಳಿದರೆ, "ಒಬ್ಬರಿಗೇ ಉತ್ತರ ಕೊಡೋಕಾಗಲ್ಲ, ಮೂರು ಜನ ಅಮ್ಮಂದಿರಾ!" ಎಂದು ಸೋಫಾದ ಮೇಲೆ ಕುಸಿದರು. ಹೇಳಿದ್ದು ಅವರು, ನಾನಲ್ಲ. ನಕ್ಕಿದ್ದು ಮಾತ್ರ ನಾನು.

ಮಾರನೆಯ ದಿನವೂ ಉಪ್ಪಿಲ್ಲದ ಊಟವಾದ ಮೇಲೆ ಸಾಹೇಬರು ಕುರ್ಚಿ ಬಿಟ್ಟುಕೊಟ್ಟರು. ಡಿಲೀಟ್ ಮಾಡಿದ್ದು ಕೂಡಲೇ ಮಾಯವಾಗುವುದಿಲ್ಲ ಅತ್ತೆ. ಸ್ವಲ್ಪ ಕಾಲ ಒಂದು ಮೂಲೆಯಲ್ಲಿ ಹಾಗೇ ಇರುತ್ತದೆ. ಅಷ್ಟರೊಳಗೆ ಕರೆದರೆ ಹಳೆಯ ಸಂಖ್ಯೆ, ಹಳೆಯ ಸಂಬಂಧ ಎಲ್ಲದರ ಸಮೇತ ಎದ್ದು ಬರುತ್ತದೆ. ಸಾಹೇಬರು ಮಾಡಿದ ಮೂವರು ಅತ್ತೆಯರನ್ನು ಮೊದಲು ತೆಗೆದೆ, ಆಮೇಲೆ ನನ್ನ ನಿಜವಾದ ಅತ್ತೆಯನ್ನು ಎಬ್ಬಿಸಿದೆ. ಅಡುಗೆಮನೆಯ ಪ್ರಿಂಟರು ಒಮ್ಮೆ ಕೆಮ್ಮಿ, ನಿಂತುಹೋಗಿದ್ದ ಚೀಟಿಗಳನ್ನೆಲ್ಲ ಕಕ್ಕತೊಡಗಿತು. ಅಡುಗೆಯವನು ಕಾಗದದ ಮಾಲೆ ಎಳೆದುಕೊಂಡೇ ಓಡಿಬಂದು, "ಸಿಸ್ಟರ್ ವಾಪಸು ಬಂದ್ರಾ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಮಾತ್ರ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆಮೇಲೆ ಊಟದ ಚೀಟಿಗೆಂದೇ ಒಂದು ಎಂಟ್ರಿ ಮಾಡಿ, ಕೆಲಸವನ್ನೆಲ್ಲ ಅದಕ್ಕೆ ವಹಿಸಿದೆ. ಅದು ಮುಗಿದ ಮೇಲೆ ನಿಯಮದಂತೆ ನಿಮ್ಮನ್ನು ಮತ್ತೆ ತೆಗೆಯಬೇಕಿತ್ತು. ಬೇರೆಯವರ ಕೈಯಲ್ಲಿ ಮಾಡಿಸಲೇ ಎಂದು ಸಾಹೇಬರು ಮೆತ್ತಗೆ ಕೇಳಿದರು. ಬೇಡ, ನಮ್ಮತ್ತೆ, ನಾನೇ ಮಾಡ್ತೀನಿ ಎಂದೆ. ಮಾಡಿದೆ. ಮೊದಲ ಸಲ ಕೇಕು ತಿನ್ನುತ್ತಾ ಒತ್ತಿದ್ದೆ, ಈ ಸಲ ಕೈ ಬರಲಿಲ್ಲ. ಆದರೂ ಮಾಡಿದೆ. ನೀವಾಗಿದ್ದರೂ ಇದನ್ನೇ ಮಾಡುತ್ತಿದ್ದಿರಿ. ಹೊತ್ತು ಮೀರಿ ನೋಡಲು ಬಂದ ನಿಮ್ಮ ಸ್ವಂತ ತಮ್ಮನನ್ನೇ ವಾರ್ಡಿನಿಂದ ಆಚೆಗೆ ಅಟ್ಟಿದವರು ನೀವು.

ನಿಮ್ಮ ಚಪ್ಪಲಿ ತಂದು ಮನೆಯ ಬಾಗಿಲಲ್ಲಿ ಇಟ್ಟಿದ್ದೇನೆ. ನಿಮ್ಮ ಮಗಳಿಗೆ, ಅವಳ ಯಜಮಾನರಿಗೆ ನನ್ನ ನೆನಪು ಹೇಳಿ. ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳಿ. ಸಿಟ್ಟಿದ್ದರೂ ಪರವಾಗಿಲ್ಲ, ಆಶೀರ್ವಾದ ಮಾತ್ರ ಕಡಿಮೆ ಮಾಡಬೇಡಿ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶುಕ್ರವಾರ ಬೆಳಗ್ಗೆ ನನಗೆ ಆಪರೇಷನ್. ಪಿತ್ತಕೋಶದಲ್ಲಿ ಕಲ್ಲು, ಗಾಬರಿಯಾಗಬೇಡಿ, ನಿಮ್ಮ ಮೂರನೆಯ ಮಹಡಿಯಲ್ಲೇ. ಇವತ್ತು ದಾಖಲಾತಿ ಕಿಟಕಿಯಲ್ಲಿ ಹುಡುಗಿ ನನ್ನ ಎಂಟ್ರಿ ತೆಗೆದು, "ತುರ್ತಿಗೆ ಯಾರಿಗೆ ತಿಳಿಸಬೇಕು ಮೇಡಂ, ಇಲ್ಲಿ ಖಾಲಿ ಇದೆ" ಎಂದಳು. ಡೈರೆಕ್ಟರಿಯಿಂದ ಯಾರನ್ನಾದರೂ ತೆಗೆದರೆ, ಬೇರೆಯವರ ಎಂಟ್ರಿಯಲ್ಲಿ ಅವರ ಹೆಸರಿದ್ದ ಜಾಗವೂ ತಾನಾಗಿ ಖಾಲಿಯಾಗುತ್ತದೆ. ಅಲ್ಲಿ ಇದ್ದದ್ದು ನೀವು. ಇಲ್ಲಿ ಕೆಲಸಕ್ಕೆ ಸೇರಿದ ದಿನವೇ ಹಾಕಿದ್ದೆ. ನಿಮ್ಮ ಮಗ ಸೂಜಿ ಕಂಡರೆ ಬೀಳುತ್ತಾರೆ, ಅವರ ಹೆಸರು ಹಾಕಿ ಏನು ಪ್ರಯೋಜನ? ಹುಡುಗಿ ಕಾಯುತ್ತಿದ್ದಳು, ನಿಮ್ಮ ಹೆಸರನ್ನೇ ಮತ್ತೆ ಹೇಳಿ ಬರೆಸಿದ್ದೇನೆ. ಹೆದರಿಕೆಯಾಗುತ್ತಿದೆ ಅತ್ತೆ. ಗುರುವಾರವೇ ಬಂದುಬಿಡಿ.