ಹಿಮದಲ್ಲಿ ಸತ್ತ ತಮ್ಮನಿಗೆ

ಕಲ್ಯ, ಮಾಗಡಿ ತಾಲ್ಲೂಕು
೧೫-೧೦-೨೦೦೭

ಚಿರಂಜೀವಿ ಸಿದ್ದರಾಮುವಿಗೆ ಅಕ್ಕ ಶಿವಲಕ್ಷ್ಮಿ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಮನ್ನಿಸು. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಮನಸ್ಸಿರಲಿಲ್ಲ. ಅವ್ವನ ಮಂಡಿನೋವು ಹಾಗೇ ಇದೆ. ಕರಿ ಕುರಿ ಎರಡು ಮರಿ ಹಾಕಿದೆ. ಈ ಸಲ ನಮ್ಮ ರಾಗಿ ಪೈರೇ ಚೆಂದ ಎಂದು ನಿನ್ನ ಭಾವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಮುಂದಿನ ತಿಂಗಳು ಎರಡನೇ ಭಾನುವಾರ ಸೀರಿಯಲ್‌ನಲ್ಲಿ ನಾನು ಸಾಯ್ತೀನಿ, ಅವ್ವನಿಗೂ ತೋರಿಸು ಎಂದು ಬರೆದಿದ್ದೆಯಲ್ಲ, ನಿನ್ನೆ ವರಲಕ್ಷ್ಮಮ್ಮನ ಮನೆ ಟಿವಿಯಲ್ಲಿ ನೋಡಿದೆವು. ಇನ್ನೂರು ವರ್ಷದ ಹಿಂದೆ ಇಂಗ್ಲಿಷರ ಹಡಗೊಂದು ಉತ್ತರದ ಕಡಲಲ್ಲಿ ದಾರಿ ಹುಡುಕಿಕೊಂಡು ಹೋಗಿ ಹಿಮದಲ್ಲಿ ಸಿಕ್ಕಿಕೊಂಡಿದೆ. ಎರಡು ಚಳಿಗಾಲ ಕಳೆದರೂ ಕದಲುವುದಿಲ್ಲ. ತಿನ್ನಲು ಏನೂ ಉಳಿಯದೆ ಬೂಟಿನ ಚರ್ಮ ಬೇಯಿಸಿ ತಿನ್ನುತ್ತಾರೆ. ಕೈಕಾಲು ಆಡುವವರು ದೋಣಿಗೆ ಹಗ್ಗ ಕಟ್ಟಿ ಹಿಮದ ಮೇಲೆ ಎಳೆದುಕೊಂಡು ಹೊರಡುತ್ತಾರೆ. ಅದೆಲ್ಲ ನೀನು ಕೆಲಸ ಮಾಡುವ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ, ತರಕಾರಿ ಹೆಪ್ಪುಗಟ್ಟಿಸುವ ಕೋಣೆಯಲ್ಲಿ, ನಿಮ್ಮಂಥ ಕೆಲಸದವರಿಗೇ ವೇಷ ಹಾಕಿಸಿ ತೆಗೆದದ್ದು ಎಂದೆ. ಯಾರೂ ನಂಬಲಿಲ್ಲ. ಅವ್ವನಿಗೆ ಅವಳದೇ ಯೋಚನೆ. "ಹುಲ್ಲೇ ಇಲ್ದಿರೋ ಜಾಗಕ್ಕೆ ಇವ್ರು ಯಾಕವ್ವ ಹೋದ್ರು? ಒಬ್ಬನ ತಾವೂ ಒಂದ್ ಕಂಬ್ಳಿ ಇಲ್ವಲ್ಲ" ಎಂದಳು.

ಆಮೇಲೆ ನೀನು ಬಂದೆ. ಮುಖಕ್ಕೆ ಬಿಳಿ ಬಳಿದು ಕೆಂಪು ಗಡ್ಡ ಅಂಟಿಸಿದ್ದರೂ ಅವ್ವ ಗುರುತು ಹಿಡಿದಳು. ನಾಲ್ಕು ಹೆಜ್ಜೆ ನಡೆದು ಕುಸಿದೆ. ಕ್ಯಾಪ್ಟನ್ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಸಿದ. ನೆಟ್ಟಗೆ ನಿಲ್ಲಲೂ ತ್ರಾಣವಿಲ್ಲದವರು ಹಿಮ ಅಗೆದು ಗುಂಡಿ ತೋಡಿದರು, ಟೋಪಿ ತೆಗೆದು ಸುತ್ತ ನಿಂತರು, ಒಬ್ಬೊಬ್ಬರೂ ಒಂದೊಂದು ಹಿಡಿ ಹಿಮ ಹಾಕಿದರು. ಅವ್ವ ಗೋಳೋ ಎಂದು ಅತ್ತಳು. ನಾನು ಅಳಲಿಲ್ಲ. ಆ ಗುಂಡಿಯ ಸುದ್ದಿ ನನಗೆ ಮೊದಲೇ ಗೊತ್ತಿತ್ತು. ಆಷಾಢದಲ್ಲಿ ಅಪ್ಪನ ಹೆಣ ಅಂಗಳದಲ್ಲಿಟ್ಟುಕೊಂಡು ನಿನಗೆ ಎರಡನೇ ಸಲ ಫೋನ್ ಮಾಡಿದಾಗ ನಿಮ್ಮ ಗೇಟಿನ ವಾಚ್‌ಮನ್ ಮರಿಯಪ್ಪ, "ಶೂಟಿಂಗ್ ನಡೀತೈತೆ ಕಣಮ್ಮ, ಅವ್ನು ಗುಂಡೀಲಿ ಮಲಗವ್ನೆ, ಒಳೀಕೆ ಬುಡಕಿಲ್ಲ" ಎಂದಿದ್ದ.

'ಅಪ್ಪ ಹೋದದ್ದನ್ನು ನನಗೆ ಸರಿಯಾಗಿ ತಿಳಿಸಲಿಲ್ಲ' ಎಂದು ಕಾಗದದಲ್ಲಿ ಬರೆಯಲು ನಿನಗೆ ಕೈ ಹೇಗೆ ಬಂತು? ಹಿಂದಿನ ದಿನ ಅಪ್ಪನ ಉಸಿರು ನಿಂತ ಕೂಡಲೇ ಫೋನ್ ಮಾಡಿದ್ದೆ. ಮರಿಯಪ್ಪ ನಿನ್ನ ಹತ್ತಿರ ಬಂದು ಹೇಳಿದ. ನೀನು ಕೊಟ್ಟ ಉತ್ತರವನ್ನು ಪಾಪ ಆತ ಸಂಕೋಚದಿಂದಲೇ ನನಗೆ ತಿಳಿಸಿದ: "ಈ ಸಲ ಯಾವ್ ಕಾಗೆ ಮುಟ್ತು ಅಂತ ಕೇಳು ಅಂತಾನೆ ಕಣಮ್ಮ."

ಅದಕ್ಕೆ ಎರಡು ತಿಂಗಳ ಮುಂಚೆ ಅಪ್ಪ ಹೋದ ಎಂದು ಸುಳ್ಳು ಸುದ್ದಿ ಕಳಿಸಿದ್ದು ನಿಜ. ಕಾಗೆ ತಲೆ ಮುಟ್ಟಿದರೆ ಸತ್ತರೆಂದು ನೆಂಟರಿಗೆ ಹೇಳಿಕಳಿಸಿ, ಅವರು ಅತ್ತ ಮೇಲೆ ನಿಜ ಹೇಳಿದರೆ ಗಂಡಾಂತರ ಕಳೆಯುತ್ತದೆ ಎನ್ನುವುದು ನಮ್ಮಲ್ಲಿ ಇವತ್ತಿನದಲ್ಲ. ನೀನು ಬಸ್ಸಿನುದ್ದಕ್ಕೂ ಅತ್ತುಕೊಂಡು ಬಂದೆ. ಅಪ್ಪ ಜಗಲಿಯಲ್ಲಿ ಮುದ್ದೆ ಉಣ್ಣುತ್ತಿದ್ದ. "ಬಂದಾ ಮಗ, ಕೈ ತೊಳ್ಕೊ, ಉಣ್ಣಾನ" ಎಂದ. ನೀನು ಉಣ್ಣಲಿಲ್ಲ. ಹಡಗಿನ ಒಂದು ಸೀನು ಕೈತಪ್ಪಿತೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. "ಇನ್ನೊಂದ್ ಕಿತ ಹಿಂಗ್ ಮಾಡಿದ್ರೆ ನಿಜವಾಗ್ ಸತ್ರೂ ಬರಕಿಲ್ಲ" ಎಂದೆ. ಹುಟ್ಟಿದಾಗಿನಿಂದ ಒಂದು ಮಾತನ್ನೂ ಉಳಿಸಿಕೊಳ್ಳದವನು ಅದೊಂದನ್ನು ಉಳಿಸಿಕೊಂಡೆ.

ಹೋಗಿ ಕರೆದುಕೊಂಡು ಬನ್ನಿ ಎಂದರೆ ನಿನ್ನ ಭಾವ, "ಬರೋನಾಗಿದ್ರೆ ಫೋನ್‌ಗೇ ಬರೋನು" ಎಂದು ಮುಖ ತಿರುಗಿಸಿದರು. ಮಾರನೆ ದಿನ ಮಧ್ಯಾಹ್ನದವರೆಗೂ ಕಾದೆವು. ಹೆತ್ತ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಚಿಕ್ಕಪ್ಪನ ಕೈಯಲ್ಲಿ ಹಾಕಿಸಿದೆವು. ಚಿಕ್ಕಬೀರಯ್ಯನಿಗೆ ಮಗನಿದ್ದೂ ಇಲ್ಲ ಎಂದು ಊರು ಅಪ್ಪನನ್ನು ಆಡಿಕೊಂಡಿತು. ಮೂರನೇ ದಿನ ಹಾಲುತುಪ್ಪಕ್ಕೆ ನೀನು ಬಂದೆ, ಕೆನ್ನೆಯ ಮೇಲೆ ಗಡ್ಡದ ಅಂಟು ಇನ್ನೂ ಇತ್ತು. ಅದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯಿತು ಸಿದ್ದರಾಮು, ಈಗಲೂ ಉರಿಯುತ್ತಿದೆ.

ಇರಲಿ. ಆ ಕೋಣೆಯಲ್ಲಿ ತೆಳು ಅಂಗಿಯಲ್ಲಿ ಕೆಲಸ ಮಾಡಬೇಡ. ಅಪ್ಪನ ಕಂಬಳಿಯನ್ನು ಅವ್ವ ನಿನಗೆಂದು ಕಟ್ಟಿಟ್ಟಿದ್ದಾಳೆ, ದೀಪಾವಳಿಗೆ ಬಂದಾಗ ತೆಗೆದುಕೊಂಡು ಹೋಗು. ಮನೆದೇವರು ಬೀರಪ್ಪ ನಿನ್ನನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಶಿವಲಕ್ಷ್ಮಿ

ತಾ.ಕ.: ಕಾಗೆ ಅಪ್ಪನನ್ನು ಮುಟ್ಟಿರಲಿಲ್ಲ. "ಯುಗಾದಿಗೂ ಬರ್ನಿಲ್ಲ, ಅವನ್ನ ಒಸಿ ನೋಡ್ಬೇಕು ಕಣವ್ವ" ಎಂದು ಅಪ್ಪ ದಿನಾ ಕೇಳುತ್ತಿದ್ದ. ಕಾಗೆಯ ಕಥೆ ಕಟ್ಟಿದವಳು ನಾನು. ನೀನು ಕೂಗಾಡುವಾಗ ನಿಜ ಹೇಳಲು ಅಪ್ಪ ಬಾಯಿ ತೆರೆದ, ನಾನು ಕಣ್ಣಲ್ಲೇ ತಡೆದೆ. ಕೊನೆಯಲ್ಲಿ ಜ್ವರ ಬಂದ ಎರಡು ದಿನವೂ ನಿನ್ನನ್ನೇ ಕೇಳಿದ. ನೀನು ಮತ್ತೆ ಬೈಯುತ್ತೀಯೆಂದು ಹೆದರಿ, ಅಪ್ಪನಿಗೆ ಉಸಿರಿರುವಾಗ ನಾನು ಫೋನ್ ಮಾಡಲೇ ಇಲ್ಲ. ಬೂತಿನವರೆಗೂ ಹೋಗಿ ವಾಪಸ್ ಬಂದು, "ಲೈನ್ ಸಿಗ್ನಿಲ್ಲ ಕಣಪ್ಪ" ಎಂದೆ. ಅಪ್ಪ ನಂಬಿದ.