ಅವ್ವನ ಹಾಡು, ನಿನ್ನ ಆಲ್ಬಮ್

ಸಂಗಮನಾಥ,

ಇದನ್ನು ನಿನಗೆ ಕಳಿಸುವುದಿಲ್ಲ. ನಂಬರು ಬದಲಿಸಿದವನು ನೀನೇ.

ಇವತ್ತು ಶಹಾಪುರದಿಂದ ವನದುರ್ಗಕ್ಕೆ ಬರುವ ಬಸ್ಸಿನಲ್ಲಿ ಹೊಸ ಹಾಡು ಹುಡುಕುತ್ತಿದ್ದೆ. ಫೋನಿನಲ್ಲಿ ನಿನ್ನ ಮುಖ ಕಂಡಿತು. ಯಾವ ಕಂಪನಿಯ ಹಂಗೂ ಇಲ್ಲದೆ ನೀನೇ ಹೊರತಂದ ಮೊದಲ ಆಲ್ಬಮ್ ಅಂತೆ, ಮುಂದಿನ ತಿಂಗಳು ಹೈದರಾಬಾದಿನಲ್ಲಿ ಶೋ ಅಂತೆ. ಮೊದಲನೆಯ ಹಾಡು ಕೇಳಿದೆ. ನನ್ನ ತಮ್ಮ ತೀರಿಕೊಂಡ ವರ್ಷ ಅವ್ವ ಹತ್ತಿ ಬಿಡಿಸುತ್ತ ಕಟ್ಟಿದ ಹಾಡು ಅದು. ನಾವಿಬ್ಬರೂ ಕಾಲೇಜಿನಲ್ಲಿ ಜೊತೆಗೆ ಹಾಡುತ್ತಿದ್ದಾಗ, ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತ ಅವಳ ಬಾಯಿಂದಲೇ ನೀನು ಅದನ್ನು ಕಲಿತೆ. ಈಗ ಸಾಹಿತ್ಯ ಯಾರದು ಎಂಬಲ್ಲಿ ‘ಜನಪದ’ ಎಂದು ಹಾಕಿದ್ದೀಯ.

ಮನೆಗೆ ಬಂದು ಅವ್ವನಿಗೆ ಕೇಳಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಭಾಳ ಛಲೋ ಹಾಡ್ಯಾನ. ಗಿಟಾರ್ ಒಂದೀಟು ಜೋರಾಗೇತಿ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ನನ್ನ ಹೆಸ್ರು ಹಾಕ್ಯಾನೇನು?”

ಅವಳಿಗೆ ಓದು ಬರುವುದಿಲ್ಲ, ಅದು ನಿನಗೂ ಗೊತ್ತು. ‘ಜನಪದ’ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು, “ಇಲ್ಲೇ ಐತಲ್ಲವ್ವಾ, ದೇವಕಮ್ಮ ಅಂತ,” ಎಂದೆ.

ಈಗ ಅವಳು ನನ್ನ ಫೋನು ಹಿಡಿದುಕೊಂಡು ಓಣಿಯವರಿಗೆಲ್ಲ ಆ ಹೆಸರು ತೋರಿಸಲು ಹೋಗಿದ್ದಾಳೆ. ನಮ್ಮ ಓಣಿಯಲ್ಲಿ ಓದು ಬಲ್ಲವರು ಬೇಕಾದಷ್ಟು ಜನ ಇದ್ದಾರೆ.

ಸಪ್ನಾ