ಗಂಜಿ ಹಾಕಿದ ಚಾದರ

೨೧ ಏಪ್ರಿಲ್, ಸೋಮವಾರ. ಬೆಳಿಗ್ಗೆ

ಅನ್ನ ಬಸಿದಾಯಿತು. ಗಂಜಿ ಸೋಸಿ ಬೋಗುಣಿಯಲ್ಲಿ ಇಟ್ಟಿದ್ದೇನೆ, ಆರಬೇಕು. ಚಾದರ, ದಿಂಬಿನ ಚೀಲ ಅದ್ದುವುದಿದೆ. ಸೊಸೆ ತನುಜಾಳಿಗೆ ಬಿಟ್ಟರೆ ಮಶೀನಿಗೆ ತುರುಕುತ್ತಾಳೆ. ಮಶೀನಿನಿಂದ ಹೊರಬಂದ ಚಾದರ ನೋಡಬೇಕು... ಎಮ್ಮೆ ಅಗಿದು ಉಗುಳಿದ ಹಾಗೆ. ಅವಳ ತವರು ಹಿರೇಕೆರೂರಿನ ಕಡೆ ಹಾಗೆಯೇ ಹಾಸಿಕೊಳ್ಳುತ್ತಾರಂತೆ. ಹಾಸಿಕೊಳ್ಳಲಿ.

ಹಾನಗಲ್ಲಿನ ನಮ್ಮ ಅಪ್ಪನ ವಾಡೆಯಲ್ಲಿ ಚಾದರ ಹಾಸಿದರೆ ಕಾಗದ ಹಾಸಿದ ಹಾಗೆ. ಒಂದು ಸುಕ್ಕಿದ್ದರೂ ಅವ್ವ ತೆಗೆಸಿ ಮತ್ತೆ ಹಾಸಿಸುತ್ತಿದ್ದಳು. ಅದನ್ನೇ ನಾನು ಶಿಗ್ಗಾಂವದ ಈ ಮನೆಗೆ ತಂದೆ. ಇವರು ಕಾಳಿನ ದಲಾಲಿ ಅಂಗಡಿಗೆ ಹೊರಟರೆ ಪೇಟೆಯವರು ಮೊದಲು ಧೋತರ ನೋಡುತ್ತಿದ್ದರು, ಆಮೇಲೆ ಮುಖ. ಹೊಸ್ತಿಲು ದಾಟುವ ಮೊದಲು ಎರಡು ಬೆರಳಿನಿಂದ ಧೋತರದ ಮಡಿಕೆಯನ್ನು ಮೇಲಿನಿಂದ ಕೆಳಗೆ ನೇವರಿಸಿ, ನನ್ನ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು. ಮಾತಿಲ್ಲ. ಬೇಕಾಗಿಯೂ ಇರಲಿಲ್ಲ.

ಈಗ ಲುಂಗಿ. ಶಿವರಾತ್ರಿಗೆ ಲಕ್ವ ಹೊಡೆದ ಮೇಲೆ ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಎಡಗೈ ಒಂದು ಉಳಿದಿದೆ. ಆ ಕೈಗೆ ಒಂದೇ ಉದ್ಯೋಗ — ಹಾಸಿದ ಚಾದರವನ್ನು ಮುದ್ದೆ ಮಾಡಿ ಜಗ್ಗುವುದು. ಇಷ್ಟು ವರ್ಷ ಹಾಸಿದ್ದರ ಮೇಲೆ ಸುಮ್ಮನೆ ಮಲಗಿದವರು. ಈಗ ಆಯ್ಕೆ ಮಾಡುತ್ತಾರೆ.

ನಿನ್ನೆ ಡಾಕ್ಟರು ಹೊರಳಿಸಿ ನೋಡಿದರು. ಟೊಂಕದ ಕೆಳಗೆ ಕೆಂಪಗಾಗಿದೆ. ಚರ್ಮ ಹರಿದು ಹುಣ್ಣಾದರೆ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಬೇಕಂತೆ. "ಸುಕ್ಕ ಬಿದ್ರ ಹುಣ್ಣಾಗ್ತೈತ್ರಿ, ಅರಾಮ ಅನಸೂವಂಥಾ ಚಾದರ ಹಾಸ್ರಿ" ಎಂದರು. ನನಗೆ! ಆ ಹುಡುಗ ಡಾಕ್ಟರನ ಅಂಗಿಯ ಕಾಲರಿಗೆ ಇಸ್ತ್ರಿ ಇರಲಿಲ್ಲ.

ಹುಬ್ಬಳ್ಳಿಗೆ ಕಳಿಸುವುದಿಲ್ಲ. ಯಾರು ಯಾರೋ ಮಲಗಿ ಎದ್ದ ರಬ್ಬರ್ ಹಾಳೆಯ ಮೇಲೆ ಇವರನ್ನು ಹಾಕಿ, ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸುತ್ತಾರೆ. ಚಾದರವೇ ಕಾರಣವಾದರೆ ಚಾದರ ಬದಲಿಸಿದರಾಯಿತು. ನಾಳೆ ಸವಣೂರು.

೨೨ ಏಪ್ರಿಲ್, ಮಂಗಳವಾರ

ಸವಣೂರಿನ ಇನಾಯತನ ಅರಿವೆ ಅಂಗಡಿಗೆ ಹೋಗಿಬಂದೆ. ಅವನ ಅಪ್ಪನ ಕಾಲದಿಂದ ನಮ್ಮ ಮನೆಯ ಅರಿವೆ ಅಲ್ಲಿಯದೇ. ಅಪ್ಪ ಅರಿವೆ ಮಾರುತ್ತಿದ್ದ, ಮಗ ಬಣ್ಣ ಮಾರುತ್ತಾನೆ.

ಮೊದಲು ಸಾಟಿನ್ ಹರವಿದ. ಕೈ ಇಟ್ಟರೆ ಹಾವು ಸರಿದ ಹಾಗೆ ಸರಿಯಿತು. ಇಂಥದರ ಮೇಲೆ ಎಂಥವರು ಮಲಗುತ್ತಾರೆ ಎಂದು ನನಗೆ ಗೊತ್ತು, ಬರೆಯುವುದಿಲ್ಲ. ಆಮೇಲೆ ಒಂದು, ನಡುವೆ ಹುಲಿಯ ಮುಖ. ಕಾಯಿಲೆಯವರ ಬೆನ್ನಿನ ಕೆಳಗೆ ಹುಲಿ. ಕಡೆಗೆ ಒಂದು ಬಿಳಿಯದು ತೆಗೆದ.

"ಇದು ಮುನ್ನೂರ ದಾರದ್ರಿ ಅವ್ವಾರ. ಪ್ಯೂರ್ ಕಾಟನ್. ಮುಟ್ಟಿ ನೋಡ್ರಿ, ಬೆಣ್ಣಿ."

"ಬೆಣ್ಣಿ ಹಾಸಾಕ ಬಂದಿಲ್ಲ. ಚಾದರ ತೋರಸು."

"ಚಾದರಾನ ರೀ ಅದು. ಕಾಕಾರಿಗೆ ಅರಾಮ ಅನಸ್ತೈತಿ. ಒಂದ ನೀರ ಹಾಕಿ ಹಂಗ ಹಾಸಿಬಿಡ್ರಿ."

"ಚಾದರ ಹೆಂಗ ಹಾಸೂದಂತ ನನಗ ಕಲಸ್ತಿಯೇನು?"

"ಇಲ್ರಿ. ತಪ್ಪಾತ್ರಿ."

ದಾರ ಎಣಿಸಿ ಮಾರುವ ಕಾಲ ಬಂತು. ಮೊದಲೆಲ್ಲ ದಾರ ಎಣಿಸುವವರು ಮಗ್ಗದ ಮುಂದೆ ಕೂಡುತ್ತಿದ್ದರು, ಅಂಗಡಿಯ ಗಲ್ಲೆಯ ಮೇಲೆ ಅಲ್ಲ. ಆದರೂ ಅರಿವೆ ಸುಮಾರಾಗಿದೆ. ತಂದೆ. ತಂದವಳೇ ಒಗೆದು, ಗಂಜಿಯಲ್ಲಿ ಅದ್ದಿ, ನೆರಳಿಗೆ ಹಾಕಿದೆ. ಸಂಜೆ ನೀರು ಚಿಮುಕಿಸಿ ಇಸ್ತ್ರಿ. ಅಂಗಡಿಯ ಅರಿವೆ ಹಾಗೆಯೇ ಹಾಸಿಗೆಗೆ ಏರುವುದು ಈ ಮನೆಯಲ್ಲಿ ಇಲ್ಲ.

೨೫ ಏಪ್ರಿಲ್, ಶುಕ್ರವಾರ

ಅದನ್ನೂ ಜಗ್ಗಿ ಕೆಳಗೆ ಹಾಕಿದರು. ಎರಡು ದಿನ ನೋಡಿದೆ. ಕೆಂಪು ಅಗಲವಾಗಿದೆ. ಮುನ್ನೂರು ದಾರವಂತೆ.

ಮಗ ಚನ್ನೇಶನಿಗೆ ಕಾರು ತೆಗೆಯಲು ಹೇಳಿ ಚಾದರ ತಿರುಗಿ ಒಯ್ದೆ. ಗಲ್ಲೆಯ ಮೇಲೆ ಇಟ್ಟೆ. ಇನಾಯತ ಮುಟ್ಟಿ ನೋಡಿದ. ಬೆರಳಿನಿಂದ ಬಡಿದು ನೋಡಿದ. ಕಂಬಾರ ತಗಡು ಬಡಿದು ನೋಡುವ ಹಾಗೆ.

"ಅವ್ವಾರ, ಇದು ನಮ್ಮ ಅಂಗಡಿ ಮಾಲ ಅಲ್ರಿ."

ಅಂಚಿಗೆ ಇದ್ದ ಅವನದೇ ಮಾರ್ಕು ತೋರಿಸಿದೆ. ಮಾರ್ಕು ನೋಡಿದ, ಅರಿವೆ ನೋಡಿದ, ಏನೋ ಹೇಳಲು ಬಾಯಿ ತೆಗೆದ. ನನ್ನ ಮುಖ ನೋಡಿ ಮುಚ್ಚಿದ. ಚನ್ನೇಶ ಹೊರಗೆ ಹೋಗಿ ಫೋನ್ ನೋಡುತ್ತ ನಿಂತ. ತನ್ನ ಮಾಲನ್ನು ತಾನೇ ಗುರುತಿಸದ ವ್ಯಾಪಾರಿ... ಅವನ ಅಪ್ಪ ಇದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದ. ಬೇರೆ ಚಾದರ ಕೊಟ್ಟ. ಇದಕ್ಕೂ ಇವತ್ತೇ ಗಂಜಿ.

೨೯ ಏಪ್ರಿಲ್, ಮಂಗಳವಾರ

ಬಂಕಾಪುರಕ್ಕೆ ಹೋಗಿದ್ದೆ, ತೊಟ್ಟಿಲು ಕಾರ್ಯ. ಊಟಕ್ಕೆ ನಿಲ್ಲದೆ ಬಂದೆ. ಬಂದು ನೋಡಿದರೆ ಇವರು ಬಾಯಿ ತೆಗೆದು ನಿದ್ದೆ. ಎಡಗೈ ಬಿಚ್ಚಿಕೊಂಡು ಬಿದ್ದಿದೆ. ಹಣೆ ಮುಟ್ಟಿದೆ, ಜ್ವರವಿಲ್ಲ. ಆಗ ಕಣ್ಣಿಗೆ ಬಿತ್ತು, ಆಕಾಶದ ಬಣ್ಣದ ಚಾದರವೊಂದು. ನಾಲ್ಕು ಮೂಲೆಗೂ ಎಲಾಸ್ಟಿಕ್. ತನುಜಾ ಗಾದಿಗೆ ಚಡ್ಡಿ ತೊಡಿಸಿದ್ದಾಳೆ.

"ಏನಿದು?"

"ಆನ್‌ಲೈನ್ ತರಿಸಿದ್ನಿರಿ ಅತ್ತಿ. ಜಗ್ಗಿದ್ರೂ ಬರಂಗಿಲ್ಲ, ಸುಕ್ಕ ಬೀಳಂಗಿಲ್ಲ."

"ಗಂಜಿ?"

"ಬರೇ ನೀರಾಗ ಒಗದೇನ್ರಿ. ಇದಕ್ಕ ಗಂಜಿ ಬ್ಯಾಡ ಅನಸ್ತೈತ್ರಿ... ಮಾವಾರು ಮುಂಜಾನಿಂದ ಒಮ್ಮೆನೂ ಜಗ್ಗಿಲ್ರಿ."

"ನಾ ಇಲ್ಲದಾಗ ಯಾಕ ಜಗ್ಗ್ಯಾರು? ಅವರು ಜಗ್ಗೂದು ನಾ ನೋಡ್ಲಿ ಅಂತ."

ತಲೆ ಬಗ್ಗಿಸಿದಳು. ಹಿರೇಕೆರೂರಿನವರಿಗೆ ಎದುರಾಡಲು ಬಾರದು, ಒಪ್ಪಲೂ ಬಾರದು.

ಇವರು ಎಚ್ಚರಾದ ಮೇಲೆ ಅದನ್ನು ತೆಗೆಸಿ ಗಂಜಿಗೆ ಹಾಕಿದೆ. ಒಣಗಿದ ಮೇಲೆ ಮೂಲೆಗಳು ಸೆಟೆದು ನಿಂತವು, ತಲೆಕೆಳಗಾದ ಸ್ಟೂಲಿನ ಹಾಗೆ. ಗಾದಿಗೆ ಹಿಡಿಯಲೇ ಇಲ್ಲ. ಗಂಜಿ ತಡೆಯದ ಅರಿವೆ ಅರಿವೆಯೇ ಅಲ್ಲ.

೩ ಮೇ, ಶನಿವಾರ

ಚರ್ಮ ಹರಿಯಿತು.

ಬೆಳಿಗ್ಗೆ ಚಾದರದ ಮೇಲೆ ಕಲೆ. ಬಿಳಿಯದರ ಮೇಲೆ ಬಹಳ ಕಾಣುತ್ತದೆ.

ಚನ್ನೇಶ, "ಅವ್ವ, ಇನ್ನ ಹಟ ಬ್ಯಾಡ, ಹುಬ್ಬಳ್ಳಿಗೆ ಒಯ್ಯೂನು" ಎಂದ. ಹಟ ನನ್ನದಂತೆ. ಡಾಕ್ಟರು ಬಂದು ಮುಲಾಮು ಕೊಟ್ಟು, ಒಂದು ವಾರ ನೋಡುತ್ತೇನೆ, ಹೆಚ್ಚಾದರೆ ನಿಮ್ಮ ಮಾತು ಕೇಳುವುದಿಲ್ಲ ಎಂದರು. ಇವರು ನನ್ನನ್ನು ನೋಡಲಿಲ್ಲ. ಗೋಡೆ ನೋಡುತ್ತಿದ್ದರು.

ಇದ್ದುದರಲ್ಲಿ ಎಲ್ಲಕ್ಕಿಂತ ಚೊಕ್ಕ ಚಾದರ ತೆಗೆದು ಹಾಸಿದೆ. ಗಂಜಿ ಸ್ವಲ್ಪ ಗಟ್ಟಿಯಾಗಿಯೇ ಹಾಕಿದ್ದು, ಸುಕ್ಕು ಬೀಳಬಾರದೆಂದು. ಸುಕ್ಕಿನಿಂದಲೇ ಹುಣ್ಣಾಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ.

೪ ಮೇ, ಭಾನುವಾರ

ಹಿರೇಬೆಂಡಿಗೇರಿಯಿಂದ ಇವರ ಅಕ್ಕ ಉಡಚವ್ವ ಬಂದಿದ್ದಳು. ಕಾಲಿಗೆ ಹೊಲದ ಮಣ್ಣು, ಕೈಯಲ್ಲಿ ಬದನೆಕಾಯಿ ಚೀಲ. ಕಾಲು ತೊಳೆ ಎಂದು ಹೇಳಬೇಕಾಯಿತು. ತೊಳೆದು ಬಂದವಳೇ ಪಲಂಗದ ಮೇಲೆ ಕುಳಿತಳು. ಕುಳಿತಾಗ ಚಾದರ ಸಪ್ಪಳ ಮಾಡಿತು.

"ಏನ ವೀರವ್ವ, ನನ್ನ ತಮ್ಮನ್ನ ಹಪ್ಪಳದ ಮ್ಯಾಲ ಮಲಗಿಸೀಯಲ್ಲ."

ಇವರು ನಕ್ಕರು. ಅರ್ಧ ಬಾಯಿಯಿಂದ. ಲಕ್ವ ಹೊಡೆದ ಮೇಲೆ ಮೊದಲ ಸಲ. ಇಷ್ಟು ದಿನ ನಾನು ಬಾಯಿ ಒರೆಸಿದ್ದೇನೆ, ಉಣ್ಣಿಸಿದ್ದೇನೆ. ನಗು ಬಂದದ್ದು ಬದನೆಕಾಯಿಯವಳಿಗೆ.

"ನಿಮ್ಮ ಮನ್ಯಾಗ ಗೋಣಿ ತಟ್ಟಿನ ಮ್ಯಾಲ ಮಲಗ್ತೀರಿ ಅಕ್ಕ. ಇದು ನಿಮಗ ತಿಳಿಯಂಗಿಲ್ಲ" ಎಂದೆ.

"ತಟ್ಟ ಆದ್ರೂ ಚುಚ್ಚಂಗಿಲ್ಲ ನಮ್ಮವ್ವ. ಯಾಕ, ಗುದ್ಲೆಪ್ಪ ನಿನಗ ಎಂದೂ ಹೇಳೇ ಇಲ್ಲೇನು? ನಮ್ಮೂರ ಕಡೆ ವಸೂಲಿಗೆ ಬಂದಾಗೆಲ್ಲ ಮೊದಲ ಧೋತರ ಬಿಚ್ಚಿ ಗೂಟಕ್ಕ ಹಾಕಾಂವ. ನಮ್ಮ ಯಜಮಾನರ ಹಳೇ ಲುಂಗಿ ಉಟಗೊಂಡ ಕುಂದ್ರಾಂವ. ತೊಡಿ ಸಂದಿ ಕೆಂಪಗ ಆಗಿರತಿತ್ತು. ಕೊಬ್ಬರಿ ಎಣ್ಣಿ ಹಚಗೊಂತಿದ್ದ. ಹೊಂಡೂವಾಗ ಮತ್ತ ಅದನ್ನ ಹಂಗ ನೀಟಾಗಿ ಉಟಗೊಂಡ, ಗಂಜಿ ಮುರೀಬಾರ್ದು ನೋಡ ಅಕ್ಕ, ಮನ್ಯಾಗ ನೋಡ್ತಾರ ಅನ್ನಾಂವ."

"ಸುಳ್ಳ."

"ಇಲ್ಲೇ ಅದಾನಲ್ಲ, ಕೇಳು."

ಇವರು ನಗುವುದನ್ನು ನಿಲ್ಲಿಸಿದ್ದರು. ನಾನು ಕೇಳಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಹಳ್ಳಿಯವರಿಗೆ ಬಾಯಿಗೆ ಬಂದದ್ದು ಹೇಳುವ ಚಟ. ಬದನೆಕಾಯಿಯೂ ಹುಳುಕು.

೫ ಮೇ, ಸೋಮವಾರ. ಮಧ್ಯಾಹ್ನ

ಚನ್ನೇಶ, ತನುಜಾ ಸೇರಿ ಇವರನ್ನು ಖುರ್ಚಿಯ ಮೇಲೆ ಕೂಡಿಸಿ ಬಚ್ಚಲಿಗೆ ಒಯ್ದರು. ಕೋಣೆಯ ಚಿಲಕ ಹಾಕಿದೆ. ಪಲಂಗದ ಮೇಲೆ ಮಲಗಿದೆ. ಅವರು ಹೇಗೋ ಹಾಗೆ — ಅಂಗಾತ, ಅಲ್ಲಾಡದೆ.

ನಾನೂ ದಿನಾ ಇಂಥದರ ಮೇಲೆಯೇ ಮಲಗುತ್ತೇನೆ. ಆದರೆ ನಾನು ಹೊರಳುತ್ತೇನೆ.

ಮೊದಲು ಏನೂ ಇಲ್ಲ. ಆಮೇಲೆ ಮೊಣಕೈ. ಆಮೇಲೆ ರವಿಕೆಯ ಕೆಳಗಿನ ಬರಿ ಬೆನ್ನು. ಹೊರಳಬೇಕೆನಿಸಿತು, ಹೊರಳಲಿಲ್ಲ. ಎಡಗೈ ತಾನೇ ಚಾದರ ಹಿಡಿದುಕೊಂಡಿತ್ತು. ನೋಡಿದ ಮೇಲೆ ಬಿಟ್ಟೆ.

ಎದ್ದಾಗ ತೋಳಿನ ಮೇಲೆ ಒಂದು ಗೆರೆ, ನೆಟ್ಟಗೆ. ಇಸ್ತ್ರಿಯ ಮಡಿಕೆ. ನನ್ನ ಕೈಯ ಮಡಿಕೆ ನನಗೆ ಗುರುತು ಸಿಗುವುದಿಲ್ಲವೇ.

ತನುಜಾ ಬಾಗಿಲು ಬಡಿದಳು. ಸೆರಗು ಹೊದ್ದುಕೊಂಡು ತೆಗೆದೆ.

೬ ಮೇ, ಮಂಗಳವಾರ

ತಪ್ಪು ಅಕ್ಕಿಯದು. ಈಗಿನ ಅಕ್ಕಿ ಅಕ್ಕಿಯೇ ಅಲ್ಲ. ಅದರ ಗಂಜಿ ಗೋಂದು. ಮೊದಲಿನ ಅಕ್ಕಿಯ ಗಂಜಿ ಅರಿವೆಗೆ ಹೊಳಪು ಕೊಡುತ್ತಿತ್ತು, ಇದು ಅಂಟುತ್ತದೆ. ಯಾವ ಮಿಲ್ಲಿನವನು ಏನು ಬೆರೆಸುತ್ತಾನೋ.

ಕಪಾಟಿನ ಚಾದರಗಳನ್ನೆಲ್ಲ ಹಿತ್ತಲಿನ ನೀರಿನ ಹೌದಿನ ಹತ್ತಿರ ಬಕೆಟ್ಟಿಗೆ ಹಾಕಿದೆ. ನೀರು ಬೆಳ್ಳಗಾಯಿತು. ಚೆಲ್ಲಿದೆ, ಮತ್ತೆ ಹಾಕಿದೆ. ಮತ್ತೆ ಬೆಳ್ಳಗೆ.

ತನುಜಾ ಬಂದು ನಿಂತಳು. "ಗಂಜಿ ಸೋಸಿ ಇಡ್ಲೇನ್ರಿ ಅತ್ತಿ?"

"ಈ ಅಕ್ಕಿ ಗಂಜಿ ಅರಿವಿಗೆ ನಡಿಯಂಗಿಲ್ಲ."

"ಹೂನ್ರಿ."

"ನಗಬ್ಯಾಡ."

"ನಕ್ಕಿಲ್ರಿ." ಮುಖ ಆ ಕಡೆ ಇತ್ತು. ಹೆಗಲು ನಗುತ್ತಿತ್ತು.

"ನಿನ್ನ ಆ ಚಡ್ಡಿನೂ ತಂದ ಹಾಕು ಇದರಾಗ."

ಇನಾಯತನ ಚಾದರ ಹಿಂಡುವಾಗ ಕೈಗೆ ಬೇರೆಯೇ ಅನಿಸಿತು, ನುಣ್ಣಗೆ. ಅವನು ಹೇಳಿದ ಹಾಗೆ — ಇರಲಿ. ಅವನ ತನಕ ಈ ಮಾತು ಹೋಗುವ ಅಗತ್ಯವಿಲ್ಲ.

ಸಂಜೆ ಅದನ್ನೇ ಹಾಸಿದೆವು. ಇಸ್ತ್ರಿ ಇಲ್ಲ. ನೋಡಲು ನಾಚಿಕೆ. ಧರ್ಮಶಾಲೆಯ ಹಾಸಿಗೆ. ಯಾರಾದರೂ ಬಂದರೆ ಕೋಣೆಯ ಬಾಗಿಲು ಮುಂದೆ ಮಾಡಬೇಕು ಎಂದು ಹೇಳಿಟ್ಟಿದ್ದೇನೆ.

ಇವರು ಜಗ್ಗಲಿಲ್ಲ.

೧೨ ಮೇ, ಸೋಮವಾರ

ಡಾಕ್ಟರು ಬಂದಿದ್ದರು. ಹುಣ್ಣಿನ ಅಂಚು ಒಣಗಿದೆ. ಹುಬ್ಬಳ್ಳಿ ಬೇಡ. "ನಮ್ಮ ಮುಲಾಮು ಛಲೋ ಕೆಲಸ ಮಾಡ್ತು ನೋಡ್ರಿ" ಎಂದು ತಾವೇ ಬೆನ್ನು ತಟ್ಟಿಕೊಂಡರು. ತಟ್ಟಿಕೊಳ್ಳಲಿ. ಕಾಲರು ಇವತ್ತೂ ಹಾಗೆಯೇ ಇತ್ತು.

ಅನ್ನ ಬಸಿದೆ. ಗಂಜಿ ಚೆಲ್ಲುವುದು ನಮ್ಮ ಮನೆಯಲ್ಲಿ ಇಲ್ಲ. ಉಪ್ಪು, ಜೀರಿಗೆ, ಒಂದು ಚಮಚ ತುಪ್ಪ ಹಾಕಿ ಇವರಿಗೆ ಕುಡಿಸಿದೆ. ಬಟ್ಟಲು ಮುಗಿಸಿದರು. ಬಾಯಿ ಒರೆಸಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಧೋತರ ಚುಚ್ಚತಿತ್ತೇನ್ರಿ?" ಎಂದು ಕೇಳಿದೆ.

ಬಟ್ಟಲು ಕೆಳಗಿಟ್ಟೆ.

"ಆವಾಗ ಬಾಯಿ ಇತ್ತಲ್ರಿ. ಹೇಳಾಕ ಏನಾಗಿತ್ತು?"

ಎಡಗೈ ಎತ್ತಿದರು. ಚಾದರ ಜಗ್ಗುತ್ತಾರೆ ಎಂದುಕೊಂಡೆ. ಎರಡು ಬೆರಳು ಚಾದರದ ಮೇಲೆ ಸರಿದಾಡಿದವು, ಮಡಿಕೆ ಹುಡುಕುವ ಹಾಗೆ. ಅಲ್ಲಿ ಮಡಿಕೆ ಎಲ್ಲಿಯದು. ಆಮೇಲೆ ಪಲಂಗದ ಅಂಚಿಗೆ ಬಂದಾಗ ನನ್ನ ಸೀರೆಯ ನಿರಿಗೆ ಸಿಕ್ಕಿತು. ಗಂಜಿ ಹಾಕಿದ್ದೇ. ನನ್ನ ಸೀರೆಗೆ ಹಾಕುವುದನ್ನು ಬಿಟ್ಟಿಲ್ಲ. ಮೇಲಿನಿಂದ ಕೆಳಗೆ, ಕೈ ಎಟುಕುವಷ್ಟು, ಒಮ್ಮೆ ನೇವರಿಸಿದರು. ಮತ್ತೆ ನನ್ನ ಕಡೆ ನೋಡಿದರು. ಹೊಸ್ತಿಲು ದಾಟುವಾಗ ನೋಡುತ್ತಿದ್ದ ಹಾಗೆ.

ಬಟ್ಟಲು ತೊಳೆದಿಟ್ಟು ಬಂದು ಕಪಾಟು ತೆಗೆದೆ. ಕೆಳಗಿನ ಅರೆಯಲ್ಲಿ ಅವರ ಧೋತರಗಳು, ಶಿವರಾತ್ರಿಯ ಮೊದಲು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟವು. ಮಡಿಕೆ ಮುರಿದಿಲ್ಲ. ಅವನ್ನೂ ನೀರಿಗೆ ಹಾಕಲೋ, ಹಾಗೆಯೇ ಇಡಲೋ...